ಹವಾಯಿಗೆ ಹೋಗ್ತೀರಾ? ಸ್ವೆಟರ್ ಮರೀಬೇಡಿ

ಹವಾಯಿ ಅಂದರೆ ಬೀಚು, ಚಪ್ಪಲಿ, ತೆಳು ಅಂಗಿ ಅಂದುಕೊಂಡು ಹೊರಟವರು ನಾವು. ಎರಡನೇ ದಿನ ಸಂಜೆ ಕಿಲಾವೆಯಾ ಜ್ವಾಲಾಮುಖಿಯ ಅಂಚಿನಲ್ಲಿ ನಿಂತು ನಾಲ್ಕೂ ಜನ ಗಡಗಡ ನಡುಗುತ್ತಿದ್ದೆವು. ಮೇಲಿಂದ ಸೋನೆ ಮಳೆ, ಎದುರಿಂದ ಗಾಳಿ. ಭಾವ ಬೀಚಿಗೆಂದು ತಂದ ಟವೆಲ್ಲನ್ನೇ ತಲೆಗೆ ಸುತ್ತಿಕೊಂಡಿದ್ದರು. ಹತ್ತು ವರ್ಷದ ಮಗಳು ಕೇಳಿದಳು, "ಅಪ್ಪಾ, ಇದು ಬೆಂಕಿ ಬೆಟ್ಟ ಅಲ್ವಾ, ಮತ್ತೆ ಇಷ್ಟು ಚಳಿ ಯಾಕೆ?"

ಸರಿಯಾದ ಪ್ರಶ್ನೆಯೇ. ಅದರ ಉತ್ತರ ಹೊರಡುವ ಮೊದಲೇ ಗೊತ್ತಿದ್ದಿದ್ದರೆ ಎರಡು ದಿನ ಉಳಿಯುತ್ತಿತ್ತು. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಹೇಳುತ್ತಿರುವುದು ಹವಾಯಿಯ ದೊಡ್ಡ ದ್ವೀಪದ ಬಗ್ಗೆ. ಎಲ್ಲರೂ ಬಿಗ್ ಐಲ್ಯಾಂಡ್ ಅನ್ನುತ್ತಾರೆ. ಹೊನೊಲುಲು ಇರುವುದು ಬೇರೆ ದ್ವೀಪದಲ್ಲಿ, ಅದನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಬಿಗ್ ಐಲ್ಯಾಂಡ್ ಸುಮಾರು 10,400 ಚದರ ಕಿಲೋಮೀಟರ್ ಇದೆ. ಹವಾಯಿಯ ಉಳಿದ ದ್ವೀಪಗಳನ್ನೆಲ್ಲ ಸೇರಿಸಿದರೂ ಇಷ್ಟಾಗುವುದಿಲ್ಲ. ಐದು ಜ್ವಾಲಾಮುಖಿಗಳು ಒಂದರ ಮೇಲೊಂದು ಲಾವಾ ಸುರಿದು ಕಟ್ಟಿದ ನೆಲ ಇದು. ಮೌನಾ ಕೆಯಾ 4,207 ಮೀಟರ್, ಮೌನಾ ಲೋವಾ 4,169 ಮೀಟರ್. ಮೌನಾ ಕೆಯಾವನ್ನು ಸಮುದ್ರದ ತಳದಿಂದ ಅಳೆದರೆ ಎವರೆಸ್ಟ್‌ಗಿಂತ ಎತ್ತರ. ಆದರೆ ನೋಡಿದರೆ ಹಾಗೆ ಅನ್ನಿಸುವುದೇ ಇಲ್ಲ. ಮೌನಾ ಲೋವಾ ಅಂತೂ ಕವುಚಿ ಇಟ್ಟ ದೊಡ್ಡ ತಟ್ಟೆಯ ಹಾಗಿದೆ. ತೆಳುವಾದ ಲಾವಾ ದೂರದೂರ ಹರಿದು ಪದರಪದರವಾಗಿ ಕೂತಿದ್ದರಿಂದ ಈ ಆಕಾರ.

ಈಗ ಮುಖ್ಯ ವಿಷಯ. ಇಲ್ಲಿಗೆ ಹೋಗುವ ಮೊದಲು ಎಲ್ಲರೂ ಕೇಳುವುದು "ಯಾವ ತಿಂಗಳು ಒಳ್ಳೆಯದು?" ನಾನೂ ಅದನ್ನೇ ಕೇಳಿ, ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಸೆಪ್ಟೆಂಬರ್ ಆರಿಸಿದ್ದೆ. ಅಷ್ಟು ಯೋಚನೆ ಬೇಕಿರಲಿಲ್ಲ. ಕಡಲ ತೀರದಲ್ಲಿ ಜನವರಿಗೂ ಆಗಸ್ಟ್‌ಗೂ ಮೂರ್ನಾಲ್ಕು ಡಿಗ್ರಿ ವ್ಯತ್ಯಾಸ ಅಷ್ಟೇ. ನೋಡಬೇಕಾದ್ದು ಎರಡೇ: ನೀವು ಬೆಟ್ಟದ ಯಾವ ಮಗ್ಗುಲಲ್ಲಿದ್ದೀರಿ, ಎಷ್ಟು ಎತ್ತರದಲ್ಲಿದ್ದೀರಿ. ಒಂದು ಗಂಟೆ ಕಾರು ಓಡಿಸಿದರೆ ಅಲ್ಲಿ ಕಾಲವೇ ಬದಲಾಗುತ್ತದೆ.

ವರ್ಷದ ಬಹುಪಾಲು ಈಶಾನ್ಯದಿಂದ ವಾಣಿಜ್ಯ ಮಾರುತ ಬೀಸುತ್ತದೆ. ಸಮುದ್ರದ ತೇವ ಹೊತ್ತು ಬಂದು ಪೂರ್ವದ ಹೀಲೋ ಕಡೆಯ ಬೆಟ್ಟಕ್ಕೆ ಬಡಿಯುತ್ತದೆ, ಮೇಲೇರುತ್ತದೆ, ತಣ್ಣಗಾಗುತ್ತದೆ, ಸುರಿಯುತ್ತದೆ. ನಮ್ಮ ಪಶ್ಚಿಮ ಘಟ್ಟದ್ದೇ ಕತೆ, ದಿಕ್ಕು ಮಾತ್ರ ಉಲ್ಟಾ. ಹೀಲೋದಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಊರಿನ ಹಿಂದಿನ ಇಳಿಜಾರಿನಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು. ಬೆಟ್ಟದ ಆಚೆ, ವಾಯವ್ಯದ ಕವಾಯ್ಹೆ ತೀರದಲ್ಲಿ ಬರೀ 250 ಮಿಲಿಮೀಟರ್ ಆಸುಪಾಸು. ಎರಡೂ ಒಂದೇ ದ್ವೀಪ, ಒಂದೇ ಜಿಲ್ಲೆ!

ಇಷ್ಟೇ ಆಗಿದ್ದರೆ ಲೆಕ್ಕ ಸುಲಭವಿತ್ತು. ಇನ್ನೊಂದು ತಿರುವಿದೆ. ಸುಮಾರು 2,000 ಮೀಟರ್ ಎತ್ತರದಲ್ಲಿ ಬೆಚ್ಚನೆಯ ಗಾಳಿಯ ಪದರವೊಂದು ಮುಚ್ಚಳದ ಹಾಗೆ ಕೂತಿರುತ್ತದೆ. ಮೋಡ ಅದನ್ನು ದಾಟಿ ಮೇಲೆ ಹೋಗುವುದು ಅಪರೂಪ. ಅದಕ್ಕೇ ಕೆಳಗೆ ಹೀಲೋ ತೊಯ್ದು ತೊಪ್ಪೆಯಾಗಿದ್ದರೂ ಮೌನಾ ಕೆಯಾ ತುದಿ ಒಣಗಿಕೊಂಡಿರುತ್ತದೆ. ಖಗೋಳ ದೂರದರ್ಶಕಗಳನ್ನು ಅಲ್ಲಿ ಸಾಲಾಗಿ ನಿಲ್ಲಿಸಿರುವುದೂ ಅದಕ್ಕೇ. ಪಶ್ಚಿಮದ ಕೋನಾ ಇಳಿಜಾರಿನದು ಮತ್ತೊಂದು ರೀತಿ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಕಡಲ ಗಾಳಿ ಮೇಲೇರಿ ಮೋಡ, ಸಂಜೆಗೆ ಒಂದು ಮಳೆ. ಅದೂ ಬೇಸಿಗೆಯಲ್ಲೇ ಜಾಸ್ತಿ. ಕೋನಾ ಕಾಫಿ ಬೆಳೆಯುವುದು ಈ ಮಧ್ಯಾಹ್ನದ ಮೋಡದ ನೆರಳಲ್ಲೇ.

ನಾವು ಮಾಡಿದ ತಪ್ಪು ಇಲ್ಲೇ. ಬಿಸಿಲಿನ ಕೋನಾದಲ್ಲಿ ಐದೂ ರಾತ್ರಿ ರೂಮು ಬುಕ್ ಮಾಡಿ, ಅಲ್ಲಿಂದ ದಿನಾ ಹೋಗಿ ಬಂದರಾಯಿತು ಅಂದುಕೊಂಡಿದ್ದೆವು. ನಕ್ಷೆಯಲ್ಲಿ ಎಲ್ಲ ಹತ್ತಿರವೇ ಕಾಣುತ್ತದೆ. ಕೋನಾದಿಂದ ಕಿಲಾವೆಯಾ ಇರುವ ಜ್ವಾಲಾಮುಖಿ ರಾಷ್ಟ್ರೀಯ ಉದ್ಯಾನಕ್ಕೆ ಎರಡೂವರೆ ಗಂಟೆ ಬೇಕು, ವಾಪಸ್ಸಿಗೆ ಮತ್ತೆರಡೂವರೆ. ರಾತ್ರಿ ಮಂಜಿನಲ್ಲಿ ಆ ರಸ್ತೆಯಲ್ಲಿ ಕಾರು ಓಡಿಸಿ ಬಂದ ಮೇಲೆ ನನ್ನ ಹೆಂಡತಿ, "ನಾಳೆ ನಾನು ಕಾರಲ್ಲಿ ಕೂರಲ್ಲ, ನೀವೇ ಹೋಗಿ ಬನ್ನಿ" ಅಂದುಬಿಟ್ಟಳು. ಕೊನೆಗೆ ಎರಡು ರಾತ್ರಿಯ ದುಡ್ಡು ಬಿಟ್ಟು ಹೀಲೋ ಕಡೆಗೆ ಬಿಡಾರ ಬದಲಿಸಿದೆವು. ನೀವು ಮೊದಲೇ ಎರಡೂ ಕಡೆ ಹಂಚಿಕೊಳ್ಳಿ. ಹೀಲೋದಿಂದ ಉದ್ಯಾನ 48 ಕಿಲೋಮೀಟರ್, ಮುಕ್ಕಾಲು ಗಂಟೆಯ ದಾರಿ. ಉದ್ಯಾನದ ಪಕ್ಕದ ವಾಲ್ಕೇನೋ ಹಳ್ಳಿಯಲ್ಲೇ ಉಳಿದರೆ ಇನ್ನೂ ಒಳ್ಳೆಯದು. ಆದರೆ ಅಲ್ಲಿ ಬಹಳ ಮನೆಗಳಿಗೆ ಚಾವಣಿಯಿಂದ ತೊಟ್ಟಿಗೆ ಹಿಡಿದ ಮಳೆ ನೀರೇ ಗತಿ. ಕುಡಿಯಲು ಯಾವ ನೀರು ಅಂತ ಮನೆಯವರನ್ನು ಕೇಳಿಯೇ ಕುಡಿಯಿರಿ. ಅಷ್ಟು ಮಳೆ ಬಿದ್ದರೂ ಆ ಭಾಗದಲ್ಲಿ ಹೊಳೆ ಇಲ್ಲ ಅನ್ನುವುದು ನನಗೆ ಮೊದಲು ವಿಚಿತ್ರ ಅನ್ನಿಸಿತ್ತು. ಹೊಸ ಲಾವಾ ಜರಡಿ ಇದ್ದ ಹಾಗೆ, ಬಿದ್ದ ನೀರೆಲ್ಲ ಒಳಗೆ ಇಳಿದುಹೋಗುತ್ತದೆ. ಹೊಳೆ, ಜಲಪಾತ ಬೇಕಾದರೆ ಹೀಲೋದ ಉತ್ತರಕ್ಕೆ, ಹಳೆಯ ಮಣ್ಣಿನ ಹಮಾಕುವಾ ತೀರಕ್ಕೆ ಹೋಗಬೇಕು. ಅಲ್ಲಿನ ಅಕಾಕಾ ಜಲಪಾತ 135 ಮೀಟರ್.

ಉದ್ಯಾನದ ಪ್ರವೇಶ ನಾವು ಹೋದಾಗ ಒಂದು ಕಾರಿಗೆ 30 ಡಾಲರ್, ಏಳು ದಿನ ನಡೆಯುತ್ತದೆ. ಕಾರ್ಡ್ ಇಟ್ಟುಕೊಂಡಿರಿ, ನಗದು ತೆಗೆದುಕೊಳ್ಳುವುದಿಲ್ಲ. ಹಗಲು ರಾತ್ರಿ ತೆರೆದಿರುತ್ತದೆ. ಇದನ್ನು ನೆನಪಿಡಿ, ಆಮೇಲೆ ಕೆಲಸಕ್ಕೆ ಬರುತ್ತದೆ. ಕಿಲಾವೆಯಾದ ತುದಿ 1,200 ಮೀಟರ್‌ಗೂ ಮೇಲಿದೆ. ಕಡಲ ತೀರಕ್ಕಿಂತ ಏಳೆಂಟು ಡಿಗ್ರಿ ತಂಪು, ಮೇಲೆ ಗಾಳಿ, ಮಳೆ. ಮಗಳ ಪ್ರಶ್ನೆಗೆ ಉತ್ತರ ಇಷ್ಟೇ. ಒಳಗೆ ಬೆಂಕಿ ಇದ್ದರೂ ನಿಂತವರ ಬೆನ್ನಿಗೆ ಅದರ ಬಿಸಿ ತಾಗುವುದಿಲ್ಲ.

ಲಾವಾ ಕಂಡೇ ಕಾಣುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2024ರ ಡಿಸೆಂಬರ್ 23ರಿಂದ ಕಿಲಾವೆಯಾದ ನೆತ್ತಿಯಲ್ಲಿ ಬಿಟ್ಟು ಬಿಟ್ಟು ಲಾವಾ ಕಾರಂಜಿ ಚಿಮ್ಮುವುದು ಶುರುವಾಯಿತು. ಒಮ್ಮೆ ಕೆಲವೇ ಗಂಟೆ ಚಿಮ್ಮಿ ನಿಲ್ಲುತ್ತದೆ, ಮಧ್ಯೆ ದಿನಗಟ್ಟಲೆ, ವಾರಗಟ್ಟಲೆ ಬಿಡುವು. ನಾವು ಹೋದದ್ದು ಸರಿಯಾಗಿ ಬಿಡುವಿನಲ್ಲಿ. ಹವಾಯಿ ಜ್ವಾಲಾಮುಖಿ ವೀಕ್ಷಣಾಲಯ 1912ರಿಂದ ಈ ದ್ವೀಪದಲ್ಲಿದೆ. ಅದರ ವೆಬ್‌ಸೈಟಿನಲ್ಲಿ ಕಿಲಾವೆಯಾದ ಸ್ಥಿತಿ ದಿನಾ ಹಾಕುತ್ತಾರೆ, ನೇರ ಕ್ಯಾಮೆರಾಗಳೂ ಇವೆ. ದಿನಕ್ಕೆರಡು ಸಲ ನೋಡಿ. ಚಿಮ್ಮಲು ಶುರುವಾಯಿತು ಅಂತ ಕಂಡರೆ ಉಳಿದ ಪ್ಲಾನ್ ಎಲ್ಲ ಬಿಟ್ಟು ಓಡಿ. ನಮಗೆ ಸಿಕ್ಕಿದ್ದು ಕುಳಿಯ ಬಾಯಲ್ಲಿ ಕೆಂಪು ಬೆಳಕು ಅಷ್ಟೇ. ಮೊದಲ ಸಂಜೆ ಮಂಜಿನಲ್ಲಿ ಅದೂ ಕಾಣಲಿಲ್ಲ. ಬಿಡಾರ ಬದಲಿಸಿದ ಮೇಲೆ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೋದೆವು. ಕಾರು ನಿಲ್ಲಿಸಲು ಜಾಗ ಬೇಕಾದಷ್ಟು, ಜನ ಹತ್ತೋ ಹನ್ನೆರಡೋ, ಆಕಾಶ ತಿಳಿ. ಒಲೆಯಲ್ಲಿ ಉಳಿದ ಕೆಂಡದ ಹಾಗೆ ದೂರದಲ್ಲಿ ಒಂದು ಕೆಂಪು, ಮೇಲಿನ ಹೊಗೆಯ ಹೊಟ್ಟೆಗೂ ಅದೇ ಬಣ್ಣ. ಯಾರೂ ಮಾತಾಡಲಿಲ್ಲ. ಅಷ್ಟು ಸಾಕಾಯಿತು.

ಅಲ್ಲೇ ಕಟಕಟೆಯ ಕಂಬಿಗೆ ಏನೋ ಹೊಂಬಣ್ಣದ ಕೂದಲು ಅಂಟಿಕೊಂಡಿತ್ತು. ಜೇಡರ ಬಲೆ ಅಂದುಕೊಂಡು ಬೆರಳಿಟ್ಟೆ. ಸೂಜಿ ಚುಚ್ಚಿದ ಹಾಗಾಯಿತು. ಅದಕ್ಕೆ ಪೆಲೆಯ ಕೂದಲು ಅನ್ನುತ್ತಾರೆ, ಪೆಲೆ ಇಲ್ಲಿನ ಅಗ್ನಿದೇವತೆ. ಲಾವಾ ಚಿಮ್ಮುವಾಗ ಗಾಳಿಯಲ್ಲಿ ಎಳೆದುಕೊಂಡು ಎಳೆಯಾಗಿ ಗಟ್ಟಿಯಾದ ಗಾಜು ಅದು. ಗಾಳಿಯಲ್ಲಿ ತೇಲಿಕೊಂಡು ದೂರಕ್ಕೂ ಬರುತ್ತದೆ. ಮುಟ್ಟಿದ ಕೈಯಲ್ಲಿ ಕಣ್ಣು ಉಜ್ಜಬೇಡಿ. ಮಕ್ಕಳಿಗೆ ಮೊದಲೇ ಹೇಳಿಡಿ.

ಉಸಿರಾಟದ ತೊಂದರೆ ಇರುವವರು ಇನ್ನೊಂದನ್ನು ಗಮನಿಸಿ. ಕುಳಿಯಿಂದ ಬರುವ ಗಂಧಕದ ಅನಿಲ ಗಾಳಿಯ ತೇವದ ಜೊತೆ ಸೇರಿ ಮಬ್ಬಾಗುತ್ತದೆ. ಅಲ್ಲಿ ಅದನ್ನು ವಾಗ್ ಅನ್ನುತ್ತಾರೆ. ವಾಣಿಜ್ಯ ಮಾರುತ ಅದನ್ನು ನೈಋತ್ಯಕ್ಕೆ ತಳ್ಳಿ, ದ್ವೀಪದ ತುದಿ ಸುತ್ತಿಸಿ ಕೋನಾ ಕಡೆಗೆ ಒಯ್ಯುತ್ತದೆ. ಬಿಸಿಲಿನ ಕೋನಾದಲ್ಲಿ ಆಕಾಶ ಹಾಲು ಬೆರೆಸಿದಂತೆ ಕಂಡರೆ ಅದು ಮಂಜಲ್ಲ, ಇದೇ. ಭಾವನಿಗೆ ಸ್ವಲ್ಪ ಆಸ್ತಮಾ ಇದೆ, ಒಂದು ದಿನ ಇನ್‌ಹೇಲರ್ ತೆಗೆಯಬೇಕಾಯಿತು.

ಉದ್ಯಾನದಲ್ಲಿ ಒಂದೇ ಒಂದು ಕಡೆ ನಡೆಯುವಷ್ಟು ಸಮಯ ಇದ್ದರೆ ಕಿಲಾವೆಯಾ ಇಕಿ ಆರಿಸಿಕೊಳ್ಳಿ. ಸುಮಾರು 5.3 ಕಿಲೋಮೀಟರ್ ಸುತ್ತು, 120 ಮೀಟರ್ ಇಳಿದು ಹತ್ತಬೇಕು. ಮೊದಲು ಜರೀಗಿಡದ ಕಾಡು, ನೀರು ತೊಟ್ಟಿಕ್ಕುವ ದಾರಿ. ಇದ್ದಕ್ಕಿದ್ದಂತೆ ಕಾಡು ಮುಗಿದು ಕಪ್ಪು ಬಯಲು. 1959ರಲ್ಲಿ ಇಲ್ಲಿ ಲಾವಾ 580 ಮೀಟರ್ ಎತ್ತರಕ್ಕೆ ಚಿಮ್ಮಿ, ಈ ಕುಳಿಯಲ್ಲಿ ಕೆರೆಯಾಗಿ ನಿಂತು ಹೆಪ್ಪುಗಟ್ಟಿತು. ನಾವು ನಡೆದದ್ದು ಆ ಹೆಪ್ಪಿನ ಮೇಲೆ. ಬಿರುಕುಗಳಿಂದ ಆವಿ ಬರುತ್ತಿರುತ್ತದೆ. ಅದು ಹೆಚ್ಚಾಗಿ ಮಳೆ ನೀರೇ, ಕೆಳಗಿನ ಬಿಸಿಗೆ ಕಾದು ಬರುವುದು. ಒಂದು ಬಿರುಕಿನಲ್ಲಿ ಗೇಣುದ್ದದ ಓಹಿಯಾ ಸಸಿ, ತುದಿಯಲ್ಲಿ ಕೆಂಪು ಕುಚ್ಚಿನಂಥ ಒಂದೇ ಹೂವು. ಮಗಳು ಅದರ ಪಕ್ಕ ಕೂತು ಏಳಲೇ ಇಲ್ಲ. ದಾರಿಯ ಶುರುವಿನಲ್ಲಿ ಬೂಟು ಉಜ್ಜುವ ಬ್ರಷ್ ಇರುತ್ತದೆ. ಓಹಿಯಾ ಮರಗಳನ್ನು ಒಂದು ಶಿಲೀಂಧ್ರ ಸಾಯಿಸುತ್ತಿದೆ, ನಮ್ಮ ಬೂಟಿನ ಮಣ್ಣಲ್ಲೂ ಹರಡುತ್ತದೆ. ಸುಮ್ನೆ ದಾಟಿ ಹೋಗಬೇಡಿ, ಉಜ್ಜಿ.

ಬೂಟು ಅಂದೆ ಅಲ್ವಾ, ಚಪ್ಪಲಿಯಲ್ಲಿ ಲಾವಾದ ಮೇಲೆ ಕಾಲಿಡಬೇಡಿ. ಅಲ್ಲಿ ಲಾವಾಕ್ಕೆ ಎರಡು ಹೆಸರು. ಪಾಹೊಯ್‌ಹೊಯ್ ಅಂದರೆ ಕಾದಾರಿದ ಹಾಲಿನ ಕೆನೆ ಬೆರಳಲ್ಲಿ ತಳ್ಳಿದಾಗ ಮಡಚಿಕೊಳ್ಳುತ್ತದಲ್ಲ, ಹಾಗೆ ಮಡಿಕೆ ಬಿದ್ದ ನುಣುಪು ಕಲ್ಲು. ಆ-ಆ ಅಂದರೆ ಉತ್ತ ಹೊಲದ ಹೆಂಟೆಗಳೆಲ್ಲ ಕಲ್ಲಾಗಿ, ಪ್ರತಿ ಹೆಂಟೆಗೂ ಮುಳ್ಳು ಎದ್ದ ಹಾಗೆ. ಎರಡೂ ಒಂದೇ ಲಾವಾ, ತಣಿದ ರೀತಿ, ಹರಿದ ವೇಗ ಬೇರೆ. ಭಾವ ಫೋಟೋಗೆಂದು ಆ-ಆ ಮೇಲೆ ನಾಲ್ಕು ಹೆಜ್ಜೆ ಹೋದರು. ಚಪ್ಪಲಿಯ ಅಡಿ ಸೀಳಿತು, ಅಂಗೈ ತರಚಿತು.

ಉದ್ಯಾನದೊಳಗಿನ ಚೈನ್ ಆಫ್ ಕ್ರೇಟರ್ಸ್ ರಸ್ತೆ ಕಿಲಾವೆಯಾದ ತುದಿಯಿಂದ ಕಡಲವರೆಗೆ 30 ಕಿಲೋಮೀಟರ್, ಸಾವಿರ ಮೀಟರ್‌ಗೂ ಹೆಚ್ಚು ಇಳಿಜಾರು. ಕೆಳಗೆ ಪೆಟ್ರೋಲ್ ಇಲ್ಲ, ಕುಡಿಯುವ ನೀರಿಲ್ಲ, ನೆರಳೂ ಇಲ್ಲ. ಮೇಲೆ ಸ್ವೆಟರ್ ಹಾಕಿಕೊಂಡಿದ್ದವರು ಕೆಳಗೆ ಬೆವರು ಒರೆಸಿಕೊಂಡೆವು. ಕೊನೆಯಲ್ಲಿ ಕಡಲು ಕೊರೆದ ಕಲ್ಲಿನ ಕಮಾನು ಇದೆ. ಮಧ್ಯಾಹ್ನ ಬಿಟ್ಟು ಬೆಳಿಗ್ಗೆ ಹೋಗಿ.

ಮೌನಾ ಕೆಯಾ ನಮಗೆ ಅರ್ಧವೇ ದಕ್ಕಿತು. 2,800 ಮೀಟರ್‌ನಲ್ಲಿರುವ ಸಂದರ್ಶಕರ ಕೇಂದ್ರದವರೆಗೆ ಯಾವ ಕಾರಾದರೂ ಹೋಗುತ್ತದೆ. ಅಲ್ಲಿಂದ ಮೇಲೆ ಡಾಂಬರಿಲ್ಲದ ಕಡಿದಾದ ರಸ್ತೆ, ಫೋರ್ ವೀಲ್ ಡ್ರೈವ್ ಬೇಕೇ ಬೇಕು. ಬಹಳ ಬಾಡಿಗೆ ಕಾರಿನವರು ಒಪ್ಪುವುದಿಲ್ಲ, ಕರಾರು ಓದಿ. ತುದಿಯಲ್ಲಿ ಆಮ್ಲಜನಕ ಕಡಲ ಮಟ್ಟದಲ್ಲಿರುವುದರ ನೂರಕ್ಕೆ ಅರವತ್ತು ಪಾಲು ಅಷ್ಟೇ. ಹದಿಮೂರು ವರ್ಷದೊಳಗಿನ ಮಕ್ಕಳು, ಬಸುರಿಯರು ತುದಿಗೆ ಹೋಗಬಾರದು ಅನ್ನುತ್ತಾರೆ. ಹಿಂದಿನ ದಿನ ಸ್ಕೂಬಾ ಮಾಡಿದವರೂ ಅಷ್ಟೇ. ಮಗಳಿಗಾಗಿ ನಾವು ಕೇಂದ್ರದಲ್ಲೇ ಉಳಿದೆವು. ಬೇಸರವಾಗಲಿಲ್ಲ, ಮೋಡದ ಮುಚ್ಚಳ ಕಾಲ ಕೆಳಗೆ ಹತ್ತಿಯ ಹಾಗೆ ಹರಡಿತ್ತು, ಮೇಲೆ ನಕ್ಷತ್ರ. ಹೀಲೋ, ಕೋನಾ ನಡುವಿನ ಸ್ಯಾಡಲ್ ರೋಡ್‌ನಿಂದಲೇ ಇಲ್ಲಿಗೆ ತಿರುವು. 2022ರಲ್ಲಿ 38 ವರ್ಷದ ಮೇಲೆ ಮೌನಾ ಲೋವಾ ಎದ್ದಾಗ ಲಾವಾ ಈ ರಸ್ತೆಗೆ ಮೂರು ಕಿಲೋಮೀಟರ್ ಒಳಗೆ ಬಂದು ನಿಂತಿತ್ತು.

ಬೀಚುಗಳ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಈಜಲು ಹಾಪುನಾ, ಆದರೆ ಚಳಿಗಾಲದಲ್ಲಿ ಅಲೆ ಜೋರು. ಪುನಲುವು ಕರಿ ಮರಳಿನದು, ಆಮೆಗಳು ಮಲಗಿರುತ್ತವೆ, ಆರು ಮೀಟರ್ ದೂರ ನಿಲ್ಲಿ. ಮರಳು, ಕಲ್ಲು ಜೇಬಿಗೆ ಹಾಕಿಕೊಳ್ಳಬೇಡಿ. ಒಯ್ದವರು ಪೆಲೆಯ ಶಾಪಕ್ಕೆ ಹೆದರಿ ಅಂಚೆಯಲ್ಲಿ ವಾಪಸ್ ಕಳಿಸುತ್ತಾರಂತೆ. ದ್ವೀಪದ ಪೂರ್ವ ತುದಿಯ ಪುನಾ ಭಾಗದ ಪೊಹೊಯ್ಕಿ ಬೀಚ್ ಇನ್ನೂ ಎಳೆಯದು. 2018ರ ಲಾವಾ ಕಡಲಿಗೆ ಬಿದ್ದು ಪುಡಿಯಾಗಿ ಆದದ್ದು. ಅದೇ ಲಾವಾ 700ಕ್ಕೂ ಹೆಚ್ಚು ಮನೆಗಳನ್ನು ನುಂಗಿತು, ಕಪೋಹೊ ಕೊಲ್ಲಿಯನ್ನೇ ತುಂಬಿಬಿಟ್ಟಿತು. ಅಲ್ಲಿ ಬಂಡೆಗಳ ಮೇಲೆ ಹತ್ತಿ ಓಡಾಡಬೇಡಿ. ಕೆಳಗೆ ಯಾರದೋ ಮನೆ, ತೋಟ ಇತ್ತು. ಈಗಲೂ ಆ ಜಾಗ ಅವರದೇ.

ಬುಕಿಂಗ್ ಮಾಡುವವರಿಗೆ ಕೊನೆಯ ಮಾತು. ದ್ವೀಪಕ್ಕೆ ಎರಡು ವಿಮಾನ ನಿಲ್ದಾಣ, ಹೀಲೋ ಒಂದು, ಕೋನಾ ಒಂದು. ಒಂದರಲ್ಲಿ ಇಳಿದು ಇನ್ನೊಂದರಿಂದ ಹೊರಟರೆ ಹಿಂದೆ ಮುಂದೆ ಓಡಾಟ ತಪ್ಪುತ್ತದೆ. ಕಾರನ್ನು ಬೇರೆ ಕಡೆ ಬಿಡಲು ಜಾಸ್ತಿ ದುಡ್ಡು ಕೇಳಬಹುದು, ಮೊದಲೇ ವಿಚಾರಿಸಿ. ನಾನಾದರೆ ಮೊದಲು ಮೂರು ರಾತ್ರಿ ಹೀಲೋ ಅಥವಾ ವಾಲ್ಕೇನೋ ಹಳ್ಳಿ, ಆಮೇಲೆ ಎರಡು ರಾತ್ರಿ ಕೋನಾ ಇಟ್ಟುಕೊಳ್ಳುತ್ತೇನೆ. ಮೊದಲು ಒದ್ದೆಯಾದ ಬಟ್ಟೆ ಕೋನಾದ ಬಿಸಿಲಲ್ಲಿ ಒಣಗುತ್ತದೆ.