ಹಿಂಗಾಲು ಸೆಟೆದ ಕುದುರೆಯನ್ನು ನಡೆಸಬೇಕೇ?

ಮದುವೆ ಹಂಗಾಮು ಬಂತೆಂದರೆ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಕುದುರೆ ಸಾಕಿದವರು ಕೇಳುವ ಪ್ರಶ್ನೆ ಒಂದೇ: "ಮೆರವಣಿಗಿ ಮುಗಿಸಿ ಬಂದ ಕುದುರಿ ಹಿಂಗಾಲು ಸೆಟೆದು ನಿಂತೈತ್ರೀ. ನಾಕ್ ಸುತ್ತು ನಡೆಸಿದ್ರ ಸಡಿಲ ಆಗ್ತಾವೇನ್ರೀ?"

ಆಗುವುದಿಲ್ಲ. ನಡೆಸಲೇಬೇಡಿ. ನಮಗೆ ಮೀನಖಂಡ ಹಿಡಿದಾಗ ನೀವಿಕೊಂಡು ನಾಲ್ಕು ಹೆಜ್ಜೆ ಹಾಕಿದರೆ ಸರಿಹೋಗುತ್ತದೆ. ಕುದುರೆಯ ಈ ಸೆಟೆತ ಹಾಗಲ್ಲ. ಇಲ್ಲಿ ಸ್ನಾಯುವಿನ ಎಳೆಗಳೇ ಒಡೆಯುತ್ತಿರುತ್ತವೆ. ಎಳೆದಾಡಿ ಇಡಿಸಿದ ಪ್ರತಿ ಹೆಜ್ಜೆಗೂ ಮತ್ತಷ್ಟು ಒಡೆಯುತ್ತವೆ. ಒಡೆದ ಎಳೆಯಿಂದ ಮಯೋಗ್ಲೋಬಿನ್ ಎಂಬ ಕೆಂಪು ಪ್ರೋಟೀನ್ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹೋಗುತ್ತದೆ. ಬೆವರಿ ನೀರು ಕಳೆದುಕೊಂಡ ಕುದುರೆಯಲ್ಲಿ ಅದು ಮೂತ್ರಪಿಂಡವನ್ನೇ ಕೆಡಿಸಬಲ್ಲದು. ಜೀವಕ್ಕೆ ಅಪಾಯ ಬರುವುದು ಕಾಲಿನಿಂದಲ್ಲ, ಅಲ್ಲಿಂದ.

ಗುರುತು ಹಿಡಿಯುವುದು ಕಷ್ಟವಲ್ಲ. ಕೆಲಸ ಶುರುವಾಗಿ ಕಾಲು ಗಂಟೆ, ಅರ್ಧ ಗಂಟೆಯಲ್ಲೇ ಹಿಂಗಾಲಿನ ಹೆಜ್ಜೆ ಗಿಡ್ಡವಾಗುತ್ತದೆ. ಕೆಲವಕ್ಕೆ ಕೆಲಸ ಮುಗಿದ ಮೇಲೆ. ಆಮೇಲೆ ಹೆಜ್ಜೆ ಕೀಳುವುದೇ ಇಲ್ಲ. ಚಪ್ಪೆಯ ಮೇಲೆ ಅಂಗೈ ಒತ್ತಿದರೆ ಹಲಗೆಯಂತೆ ಗಟ್ಟಿ, ಒತ್ತಿದ ಕೂಡಲೇ ಕುದುರೆ ನೋವಿನಿಂದ ಸರಿಯುತ್ತದೆ. ಮಾಡಿದ ಕೆಲಸಕ್ಕೆ ಮೀರಿದ ಬೆವರು, ನಡುಕ. ಎಡ ಮೊಣಕೈಯ ಹಿಂದೆ ಕೈಯಿಟ್ಟು 15 ಸೆಕೆಂಡು ಎದೆಬಡಿತ ಎಣಿಸಿ ನಾಲ್ಕರಿಂದ ಗುಣಿಸಿ: ಸುಮ್ಮನೆ ನಿಂತ ಕುದುರೆಯದು ನಿಮಿಷಕ್ಕೆ 28ರಿಂದ 44. ಅರ್ಧ ಗಂಟೆ ನಿಂತ ಮೇಲೂ 60 ದಾಟಿದ್ದರೆ ನೋವು ಜೋರಾಗಿದೆ ಎಂದೇ ತಿಳಿಯಿರಿ. ಮೂತ್ರ ಕಾಫಿ ಬಣ್ಣದಲ್ಲಿ ಅಥವಾ ಕಡುಗೆಂಪಾಗಿ ಬಂದರೆ ಅನುಮಾನವೇ ಉಳಿಯುವುದಿಲ್ಲ. ಬಣ್ಣವನ್ನು ಬೀಳುವಾಗಲೇ ನೋಡಬೇಕು, ಏಕೆಂದರೆ ಸರಿಯಿದ್ದ ಮೂತ್ರವೂ ನೆಲಕ್ಕೆ ಬಿದ್ದು ಸ್ವಲ್ಪ ಹೊತ್ತಾದರೆ ತುಕ್ಕಿನ ಬಣ್ಣಕ್ಕೆ ತಿರುಗಬಹುದು. ಬಾಟಲಿಯಲ್ಲಿ ಹಿಡಿದಿಟ್ಟರೆ ಡಾಕ್ಟರಿಗೆ ಅನುಕೂಲ.

ಇದನ್ನು ಹೊಟ್ಟೆನೋವೆಂದು ತಿಳಿಯುವವರು ಬಹಳ. ಹೊಟ್ಟೆನೋವಿನ ಕುದುರೆ ಪಕ್ಕೆ ತಿರುಗಿ ನೋಡುತ್ತದೆ, ನೆಲ ಕೆರೆಯುತ್ತದೆ, ಹೊರಳುತ್ತದೆ. ಚಪ್ಪೆ ಮೆತ್ತಗೇ ಇರುತ್ತದೆ. ಗೊರಸಿನ ಉರಿಯೂತವಾದರೆ ಗೊರಸು ಬಿಸಿ, ಭಾರವೆಲ್ಲ ಹಿಂದಕ್ಕೆ. ಧನುರ್ವಾಯುವಿನಲ್ಲಿ ಕಿವಿ ನೆಟ್ಟಗಾಗುತ್ತವೆ, ದವಡೆ ಕಚ್ಚಿಕೊಳ್ಳುತ್ತದೆ, ಕಣ್ಣಿನ ಒಳಮೂಲೆಯ ಪೊರೆ ಹೊರಕ್ಕೆ ಬರುತ್ತದೆ. ನಮ್ಮ ಕಡೆ ಇನ್ನೊಂದುಂಟು: ಬಹಳ ದಿನ ಹಸಿ ಜೋಳದ ಮೇವು ತಿಂದ ಕುದುರೆಗೆ ಹಿಂಗಾಲು ತೂರಾಡಿ ಮೂತ್ರ ತೊಟ್ಟಿಕ್ಕುವ ಕಾಯಿಲೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಈಗ ಮಾಡಬೇಕಾದ್ದು. ಕುದುರೆ ನಿಂತಲ್ಲೇ ಜೀನು, ಆಭರಣ, ಝೂಲು ಬಿಚ್ಚಿ. ಬಿಸಿಲಿದ್ದರೆ ಕುದುರೆಯನ್ನು ನೆರಳಿಗೆ ಒಯ್ಯಬೇಡಿ, ಮೇಲೆ ತಾಡಪಾಲು ಕಟ್ಟಿಸಿ. ಬಕೆಟ್ ನೀರು ಮುಂದಿಡಿ, ಎಷ್ಟು ಬೇಕೋ ಕುಡಿಯಲಿ. ಗಂಟಲಿಗೆ ಗೊಟ್ಟದಿಂದ ಸುರಿಯಬೇಡಿ, ಶ್ವಾಸಕೋಶಕ್ಕೆ ಇಳಿದೀತು. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ: 37.2ರಿಂದ 38.3 ಡಿಗ್ರಿ ಸೆಲ್ಸಿಯಸ್ ಸರಿ. 40 ದಾಟಿದ್ದರೆ ಇಡೀ ಮೈಮೇಲೆ ತಣ್ಣೀರು ಸುರಿಯುತ್ತಲೇ ಇರಿ. ಬಿಸಿ ಮೈಗೆ ತಣ್ಣೀರು ಬಿದ್ದರೆ ಸೆಟೆತ ಬರುತ್ತದೆ ಎಂಬ ನಂಬಿಕೆ ತಪ್ಪು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮುನ್ನ ನಡೆದ ಪರೀಕ್ಷೆಗಳಲ್ಲೇ ಅದು ಸಾಬೀತಾಗಿದೆ. ಅಷ್ಟರಲ್ಲಿ ಪಶು ಆಸ್ಪತ್ರೆಗೆ ಅಥವಾ ಪಶು ಸಂಜೀವಿನಿಯ (ಇದ್ದಲ್ಲಿಗೇ ಬರುವ ಸಂಚಾರಿ ಪಶು ಚಿಕಿತ್ಸಾ ಸೇವೆ) 1962ಕ್ಕೆ ಫೋನ್ ಹೋಗಿರಬೇಕು. ಲಾಯ ದೂರವಿದ್ದರೆ ಗಾಡಿಯಲ್ಲೇ ಸಾಗಿಸಿ, ಅದೂ ಡಾಕ್ಟರು ನೋಡಿದ ಮೇಲೆ.

ದಯವಿಟ್ಟು ಮೆಡಿಕಲ್ ಶಾಪಿನಿಂದ ನೋವಿನ ಇಂಜೆಕ್ಷನ್ ತಂದು ನೀವೇ ಚುಚ್ಚಬೇಡಿ. ಫಿನೈಲ್‌ಬ್ಯುಟಜೋನ್, ಫ್ಲುನಿಕ್ಸಿನ್‌ನಂಥ ಔಷಧಿಗಳು ಒಳ್ಳೆಯವೇ, ಆದರೆ ಮೈಯಲ್ಲಿ ನೀರಿಲ್ಲದಾಗ ಅವೂ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಮೊದಲು ಸಲೈನ್, ಆಮೇಲೆ ಉಳಿದದ್ದು. ಸ್ನಾಯು ಒಡೆದಾಗ ರಕ್ತಕ್ಕೆ ಸೇರುವ ಎರಡು ಅಂಶಗಳನ್ನು ರಕ್ತ ಪರೀಕ್ಷೆಯಲ್ಲಿ ನೋಡುತ್ತಾರೆ: ಸಿಕೆ ಎಂಬುದು ಸೆಟೆತದ 4ರಿಂದ 6 ಗಂಟೆಯೊಳಗೆ ತುತ್ತತುದಿಗೇರುತ್ತದೆ, ಎಎಸ್‌ಟಿ ಎಂಬುದು ನಿಧಾನವಾಗಿ ಏರಿ ಎಷ್ಟೋ ದಿನ ಇಳಿಯುವುದಿಲ್ಲ. ಎರಡನ್ನೂ ನೋಡಿದರೆ ಪೆಟ್ಟು ಹೊಸದೋ ಹಳೆಯದೋ ತಿಳಿಯುತ್ತದೆ.

ಯಾಕೆ ಬರುತ್ತದೆಂದರೆ, ಹೆಚ್ಚಾಗಿ ನಮ್ಮ ದಾಣಿಯಿಂದ. ನಾಲ್ಕು ದಿನ ಕೆಲಸವಿಲ್ಲದೆ ಕಟ್ಟಿಹಾಕಿ, ಕಡಲೆ, ಹುರುಳಿ, ಬೂಸಾ ಮಾತ್ರ ಎಂದಿನಷ್ಟೇ ಹಾಕಿ, ಐದನೇ ದಿನ ಡಾಂಬರು ರಸ್ತೆಯಲ್ಲಿ ಬ್ಯಾಂಡಿನ ಮುಂದೆ ಮೂರು ಗಂಟೆ ಕುಣಿಸುತ್ತಾರೆ. ಚೈತ್ರ ವೈಶಾಖದ ಬಿಸಿಲಿನಲ್ಲಿ ಬೆವರಿನ ಜೊತೆ ಉಪ್ಪೂ ಹೋಗಿರುತ್ತದೆ. ಬಿಡುವಿನ ದಿನ ದಾಣಿ ಅರ್ಧಕ್ಕಿಳಿಸಿ, ಸ್ವಲ್ಪ ತಿರುಗಾಡಲು ಬಿಡಿ. 300 ಕಿಲೋ ತೂಗುವ ಕುದುರೆಗೆ ದಿನಕ್ಕೆ ನಾಲ್ಕೂವರೆಯಿಂದ 6 ಕಿಲೋ ಒಣಹುಲ್ಲು ಬೇಕೇ ಬೇಕು. ದಾಣಿಯಲ್ಲಿ 30 ಗ್ರಾಂ ಅಡುಗೆ ಉಪ್ಪು, ಬೆವರಿದ ದಿನ 60. ತುಂಗಭದ್ರಾ ಕಾಲುವೆ ಕೆಳಗಿನ ಊರುಗಳಲ್ಲಿ ಸಿಗುವ ಬರೀ ಭತ್ತದ ಹುಲ್ಲಿನ ಮೇಲೆ ನಿಲ್ಲಿಸಬೇಡಿ. ಒಣಗಿದ ಮೇವಿನಲ್ಲಿ ವಿಟಮಿನ್ ಇ ಉಳಿಯುವುದಿಲ್ಲ, ದಿನವೂ ಒಂದಷ್ಟು ಹಸಿ ಗರಿಕೆ ಸಿಗಲಿ. ಕುಣಿಸುವ ಮುನ್ನ ಕಾಲು ಗಂಟೆ ಸಾವಕಾಶ ನಡೆಸಿ.

ಸೆಟೆದ ಕುದುರೆಗೆ ಒಂದೆರಡು ದಿನ ಪೂರ್ತಿ ವಿಶ್ರಾಂತಿ, ಬರೀ ಹುಲ್ಲು, ನೀರು. ಮೂತ್ರದ ಬಣ್ಣ ಎಂದಿನಂತಾಗಿ, ತಾನಾಗಿಯೇ ಹೆಜ್ಜೆ ಹಾಕಿದ ಮೇಲೆ ಹಗ್ಗ ಹಿಡಿದು ಐದು ನಿಮಿಷ ನಡೆಸಿ. ಮೆರವಣಿಗೆಗೆ ಒಪ್ಪಿಕೊಂಡಿದ್ದರೂ ಬೇರೆ ಕುದುರೆ ಕಳಿಸಿ. ಅದೇ ಕುದುರೆಗೆ ಮೇಲಿಂದ ಮೇಲೆ ಬರುತ್ತಿದ್ದರೆ ಸ್ನಾಯುವಿನಲ್ಲೇ ಹುಟ್ಟಿನಿಂದ ಬಂದ ದೋಷವಿರಬಹುದು. ಆಗ ಡಾಕ್ಟರನ್ನು ಕೇಳಿ ಕಾಳಿನ ದಾಣಿ ತಗ್ಗಿಸಿ, ಶಕ್ತಿಗೆ ಬದಲಿಯಾಗಿ ಸೂರ್ಯಕಾಂತಿ ಎಣ್ಣೆಯನ್ನು ದಿನಕ್ಕೆ 25 ಮಿಲಿಯಿಂದ ಶುರುಮಾಡಿ ವಾರಗಟ್ಟಲೆ ನಿಧಾನಕ್ಕೆ ಏರಿಸುತ್ತಾ ಹೋಗಿ.