ಹೇಂಟೆಯೋ ಹುಂಜವೋ

17 ನವೆಂಬರ್ 2024, ಭಾನುವಾರ ರಾತ್ರಿ
ಅಮದಳ್ಳಿ

ಕಾರವಾರದ ಸಂತೆ ಮುಗಿಸಿ ಬಸ್ಸು ಇಳಿದದ್ದೇ ತಡ, ಶಾಂತಕ್ಕ ಹಿಡಿದುಕೊಂಡರು. "ಅಕ್ಕೋರೇ, ಈ ಸಲ ಆದ್ರೂ ಹೇಂಟೆ ಮರಿ ಕೊಡ್ತೀರೋ, ಮತ್ತೆ ಹುಂಜನ್ನೇ ಸಾಕ್ಬೇಕೋ?" ರಿಕ್ಷಾದವರೆಲ್ಲ ಕೇಳಿಸಿಕೊಂಡು ನಕ್ಕರು. ನಾನೂ ನಕ್ಕೆ. ಮನೆ ಮುಟ್ಟುವವರೆಗೂ ಕಿವಿ ಬಿಸಿಯಾಗಿಯೇ ಇತ್ತು.

ತಪ್ಪು ನನ್ನದೇ. ಹೋದ ವರ್ಷ ಅವರ ಹೇಂಟೆಯನ್ನು ಮುಂಗುಸಿ ಹಿಡಿದಾಗ ಎರಡು ಮರಿ ಕೇಳಿದ್ದರು. ನಾನು ಆಗಷ್ಟೇ ಮೊಬೈಲಲ್ಲಿ ಒಂದು ವಿಡಿಯೋ ನೋಡಿದ್ದೆ. ಒಂದು ದಿನದ ಮರಿಯ ರೆಕ್ಕೆ ಬಿಡಿಸಿ ನೋಡಬೇಕಂತೆ. ಗರಿ ಒಂದು ಉದ್ದ, ಒಂದು ಗಿಡ್ಡ ಅಂತ ಇದ್ದರೆ ಹೇಂಟೆ. ಎಲ್ಲಾ ಒಂದೇ ಸಮ ಇದ್ದರೆ ಹುಂಜ. ಇಷ್ಟೇ! ಶಾಂತಕ್ಕನ ಎದುರಿಗೇ ರೆಕ್ಕೆ ಬಿಡಿಸಿ, ದೊಡ್ಡ ಪಂಡಿತಳ ಹಾಗೆ ಎರಡು ಆರಿಸಿ ಕೊಟ್ಟೆ. ಎರಡೂ ಹುಂಜ. ಒಂದು ಸಾರಾಯಿತು. ಇನ್ನೊಂದು ಬೇಲಿಯಾಚೆ ಬೆಳೆದು ನಿಂತಿದೆ. ನನ್ನ ತಪ್ಪು ದಿನಾ ಬೆಳಗ್ಗೆ ನಾಲ್ಕೂವರೆಗೆ ಕೂಗುತ್ತದೆ.

ಆಮೇಲೆ ಓದಿದಾಗ ಗೊತ್ತಾಯಿತು. ರೆಕ್ಕೆ ನೋಡಿ ಹೇಳುವುದು ಅದಕ್ಕೆಂದೇ ಲೆಕ್ಕ ಹಾಕಿ ಕೂಡಿಸಿದ ತಳಿಗಳಲ್ಲಿ ಮಾತ್ರ. ಗರಿ ನಿಧಾನ ಬರುವ ಹೇಂಟೆ, ಬೇಗ ಬರುವ ಹುಂಜ, ಹಾಗೆ ಜೋಡಿ ಮಾಡಿದರೆ ಹೆಣ್ಣು ಮರಿ ಅಪ್ಪನ ಹಾಗೆ ಬೇಗ ಗರಿ ಬಿಡುತ್ತದೆ, ಗಂಡು ತಾಯಿಯ ಹಾಗೆ ನಿಧಾನ. ಅದೂ ಹುಟ್ಟಿದ ಒಂದೆರಡು ದಿನದೊಳಗೆ ನೋಡಬೇಕು. ನಮ್ಮ ನಾಟಿ ಕೋಳಿಗಳಿಗೆ ಅಪ್ಪ ಯಾರು ಅಂತಲೇ ಗೊತ್ತಿಲ್ಲ, ಇನ್ನು ಗರಿಯ ಲೆಕ್ಕ ಎಲ್ಲಿಂದ!

ಇವತ್ತು ಸಂತೆಯಲ್ಲೂ ಅದೇ ಕತೆ. ರಟ್ಟಿನ ಡಬ್ಬಿಯಲ್ಲಿ ಗುಲಾಬಿ, ಹಸಿರು ಬಣ್ಣ ಹಾಕಿದ ಮರಿಗಳು. ಒಬ್ಬ ಪುಟ್ಟ ಹುಡುಗ ಅಪ್ಪನ ಪ್ಯಾಂಟು ಜಗ್ಗುತ್ತಿದ್ದ. ಮಾರುವವ "ಎಲ್ಲಾ ಹೇಂಟೆ, ಎಲ್ಲಾ ಹೇಂಟೆ" ಅನ್ನುತ್ತಿದ್ದ. ಹೀಗೆ ಬಣ್ಣ ಹಾಕಿ ಮಾರುವುದು ಹೆಚ್ಚಾಗಿ ಮೊಟ್ಟೆ ಕೋಳಿ ಹ್ಯಾಚರಿಯವರಿಗೆ ಬೇಡವಾದ ಗಂಡು ಮರಿಗಳನ್ನೇ. ಅಲ್ಲಿ ಇದಕ್ಕೇ ಪಳಗಿದ ಜನ ಇರುತ್ತಾರೆ. ಮರಿಯ ಹಿಂಭಾಗ ಮೆಲ್ಲಗೆ ಒತ್ತಿ, ಒಳಗೆ ಸಾಸಿವೆಗಿಂತ ಸಣ್ಣ ಗುಬುಟು ಇದೆಯೋ ಇಲ್ಲವೋ ನೋಡುತ್ತಾರೆ. ಜಪಾನಿನವರು 1920ರ ದಶಕದಲ್ಲಿ ಕಂಡುಕೊಂಡ ವಿದ್ಯೆ. ಕೈ ಪಳಗಿದವರು ಗಂಟೆಗೆ ಸಾವಿರದಷ್ಟು ಮರಿ ನೋಡಿ ಮುಗಿಸುತ್ತಾರಂತೆ. ಹೆಣ್ಣು ಈ ಕಡೆ, ಗಂಡು ಆ ಕಡೆ. ಆ ತಳಿಯ ಗಂಡು ಮೊಟ್ಟೆ ಇಡುವುದಿಲ್ಲ, ಮಾಂಸಕ್ಕೂ ಗಿಟ್ಟುವುದಿಲ್ಲ. ಹಾಗಾಗಿ ಹೀಗೆ ಮಾರದೆ ಉಳಿದದ್ದನ್ನು ಹುಟ್ಟಿದ ದಿನವೇ ಕೊಲ್ಲುತ್ತಾರೆ. ಜರ್ಮನಿಯಲ್ಲಿ 2022ರಿಂದ ಅದಕ್ಕೆ ನಿಷೇಧ ಇದೆ. ಗುಲಾಬಿ ಮರಿಯೊಂದು ಡಬ್ಬಿಯ ಮೂಲೆಯಲ್ಲಿ ನಿಂತಲ್ಲೇ ತೂಕಡಿಸುತ್ತಿತ್ತು. ನಾನು ಬಂಗಡೆ ತಗೊಂಡು ಬಂದೆ.

ಅತ್ತೆ ಹಿತ್ತಲಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಮೀನು ಕೊಯ್ಯಲು ಕೂತರು. ಶಾಂತಕ್ಕ ಹೇಳಿದ್ದನ್ನು ಹೇಳಿದೆ.

"ಈ ಸಲ ನಾನೇ ಉರುಟು ಮೊಟ್ಟೆ ಆರಿಸಿ ಕಾವಿಗೆ ಇಟ್ಟದ್ದು. ಮೊನೆ ಇದ್ದದ್ದು ಹುಂಜ, ಉರುಟು ಇದ್ದದ್ದು ಹೇಂಟೆ. ನೀನು ಸುಮ್ನೆ ತಲೆಬಿಸಿ ಮಾಡ್ಬೇಡ" ಅಂದರು.

"ಮೊಟ್ಟೆಯ ಆಕಾರ ನೋಡಿ ಹೇಳ್ಲಿಕ್ಕಾಗೋದಿಲ್ಲ ಅತ್ತೆ. ಒಂದು ಕೋಳಿ ಇಡೋದೆಲ್ಲ ಹೆಚ್ಚುಕಡಿಮೆ ಒಂದೇ ಥರ ಇರ್ತದೆ."

"ಮತ್ತೆ ಗಂಡು ಹೆಣ್ಣು ಅಂತ ಆಗೋದು ಹ್ಯಾಗೆ?"

"ಕೋಳಿಯಲ್ಲಿ ಅದು ತಾಯಿ ಕಡೆಯಿಂದ. ಹುಂಜನ ಹತ್ರ ಇರೋದು ಒಂದೇ ನಮೂನೆ. ಹೇಂಟೆ ಹತ್ರ ಎರಡು ನಮೂನೆ. ಅದು ಯಾವ್ದು ಕೊಡ್ತದೋ ಅದರ ಮೇಲೆ."

"ನಮ್ಮಲ್ಲೂ ಹಾಗೇಯೋ?"

"ಇಲ್ಲ. ನಮ್ಮಲ್ಲಿ ಉಲ್ಟಾ. ಗಂಡಸಿನ ಕಡೆಯಿಂದ."

ಬಂಗಡೆಯ ಕಿವಿರು ಕೀಳುತ್ತಿದ್ದ ಕೈ ನಿಂತಿತು. ನಮ್ಮನೆಯವರಿಗಿಂತ ಮೊದಲು ಹುಟ್ಟಿದ್ದು ನಾಲ್ವರು ಅತ್ತಿಗೆಯರು ಅಂತ ನನಗೆ ಆಗ ನೆನಪಾಯಿತು.

"ನಾಲ್ಕನೇದು ಹುಟ್ಟಿದಾಗ ನಿನ್ನ ಮಾವನ ಅವ್ವಿ ಹದಿನೈದು ದಿನ ನನ್ನ ಹತ್ರ ಮಾತಾಡ್ಲಿಲ್ಲ" ಅಂದರು ಅತ್ತೆ. "ಬಿಸಿನೀರು ಕಾಯಿಸಿ ಕೊಡ್ತಿತ್ತು. ಗಂಜಿ ಮಾಡಿ ಕೊಡ್ತಿತ್ತು. ಮಾತು ಮಾತ್ರ ಇಲ್ಲ."

ನಾನು ಏನೂ ಹೇಳಲಿಲ್ಲ. ಇನ್ನೂ ಎರಡು ಬಂಗಡೆ ಆಯಿತು.

"ಇದು ಗೊತ್ತಾಗಿದ್ದು ಯಾವಾಗ? ಮೊನ್ನೆ ಮೊನ್ನೆಯೋ?"

"ಇಲ್ಲ ಅತ್ತೆ. ನೂರು ವರ್ಷದ ಮೇಲಾಯ್ತು."

"ಹೌದಾ" ಅಂದರು. ಆಮೇಲೆ, "ಈ ತಲೆ ಎಲ್ಲಾ ಬೆಕ್ಕಿಗೆ ಹಾಕಿ ಬಾ."

ದಸರೆಯ ಮರುದಿನ ಒಡೆದ ಮರಿಗಳಿಗೆ ಈಗ ಐದು ವಾರ. ಒಂಬತ್ತು ಇವೆ. ಸಂಜೆ ನುಚ್ಚು ಹಾಕಿ ಕೂತು ನೋಡಿದೆ. ನಾಲ್ಕರ ಜುಟ್ಟು ಆಗಲೇ ದಪ್ಪಗೆ, ಕೆಂಪಗೆ ತಿರುಗಿದೆ. ಕಾಲೂ ದಪ್ಪ. ಬಾಲ ಮೊಟಕು, ಬೆನ್ನ ಮೇಲೆ ಅಲ್ಲಲ್ಲಿ ಗರಿಯೇ ಬಂದಿಲ್ಲ, ಹರಕು ಬನಿಯನ್ ಹಾಕಿದ ಹಾಗೆ. ಅವು ಹುಂಜ, ಅದರಲ್ಲಿ ಸಂಶಯ ಇಲ್ಲ. ಇನ್ನು ನಾಲ್ಕಕ್ಕೆ ಮೈ ತುಂಬಾ ನುಣ್ಣಗೆ ಗರಿ, ಜುಟ್ಟು ಸಣ್ಣ ಹಳದಿ ಗೀಟು. ಹೇಂಟೆಗಳೇ ಇರಬೇಕು. ಆದರೆ ಅದರಲ್ಲಿ ಎರಡು ದೊಡ್ಡ ಅತ್ತಿಗೆಗೆ, ಒಂದು ನಾವು ಇಟ್ಟುಕೊಳ್ಳುವುದು ಅಂತ ಅತ್ತೆ ಯಾವತ್ತೋ ಹೇಳಿ ಆಗಿದೆ. ಉಳಿದದ್ದು ಒಂದು. ಮತ್ತೆ ಆ ಬೂದಿ ಬಣ್ಣದ್ದು.

ಬೂದಿಯದ್ದು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಮೈ ನೋಡಿದರೆ ಹೇಂಟೆ. ಜುಟ್ಟು ಮಾತ್ರ ಎಳೆ ಗುಲಾಬಿ. ಮೂರು ತಿಂಗಳು ಬಿಟ್ಟರೆ ಬೆನ್ನಿನ ಕೆಳಗಿನ ಗರಿ ನೋಡಿ ಹೇಳಬಹುದು, ಚೂಪಾಗಿ ಇಳಿಬಿದ್ದರೆ ಹುಂಜ, ಉರುಟಾಗಿದ್ದರೆ ಹೇಂಟೆ. ಶಾಂತಕ್ಕನಿಗೆ ಬರುವ ಭಾನುವಾರವೇ ಎರಡೂ ಬೇಕು. "ನೀವು ಓದಿದವರು, ಹೇಳಿ ಕೊಡಿ" ಅನ್ನುತ್ತಾರೆ. ಗೊತ್ತಿಲ್ಲ ಅಂದರೆ ಹೇಂಟೆ ಕೊಡಲು ಮನಸ್ಸಿಲ್ಲ ಅಂದುಕೊಳ್ಳುತ್ತಾರೆ.

ಈಗ ಟಾರ್ಚ್ ಹಿಡಿದು ಇನ್ನೊಮ್ಮೆ ಗೂಡಿಗೆ ಹೋಗಿ ಬಂದೆ. ಅತ್ತೆ ಇನ್ನೂ ಮಲಗಿರಲಿಲ್ಲ, ಹಿತ್ತಲ ಬಾಗಿಲ ಹತ್ತಿರ ಸುಮ್ನೆ ಕೂತಿದ್ದರು. ಬೂದಿ ಮರಿ ತಾಯಿಯ ರೆಕ್ಕೆಯಡಿಯಿಂದ ತಲೆ ಹೊರಗೆ ಹಾಕಿ ನನ್ನನ್ನೇ ನೋಡಿತು. ಜುಟ್ಟು ಸಂಜೆಗಿಂತ ಕೆಂಪಗೆ ಕಂಡಿತು. ಟಾರ್ಚಿನ ಬೆಳಕಿಗೂ ಇರಬಹುದು, ಅಥವಾ