ರೈಲು ಹೋಗಲಿ, ತಾಳು

ಬೆಂಗಳೂರಿನ ನಮ್ಮ ವಿಶ್ವವಿದ್ಯಾಲಯದ ಆವರಣ ದಾಟಿ ಮೈಸೂರು ರಸ್ತೆಗೆ ಬಂದರೆ ಹೊಳೆ ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ. ಅದು ವೃಷಭಾವತಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತಾಳೆಂಬ ನಂಬಿಕೆಯಿಂದ ಬಂದ ಹೆಸರು. ಗಾಳಿ ಆಂಜನೇಯ ಗುಡಿಯ ಪಕ್ಕದಲ್ಲಿ ಹರಿದು, ನಾಯಂಡಹಳ್ಳಿ, ಕೆಂಗೇರಿ ಹಾದು, ಬಿಡದಿ ಬಳಿಯ ಬೈರಮಂಗಲ ಕೆರೆಯನ್ನು ಮುಟ್ಟಿ, ಮುಂದೆ ಅರ್ಕಾವತಿಯನ್ನು ಸೇರುತ್ತಾಳೆ. ಅರ್ಕಾವತಿ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿ ನೀರನ್ನು ಮೇಲಕ್ಕೆತ್ತಿ ತಂದು ಕುಡಿಯುವ ಊರು, ಅದರಲ್ಲೊಂದು ಪಾಲನ್ನು ಕೊಳೆಯಾಗಿ ಇದೇ ದಾರಿಯಲ್ಲಿ ಕಾವೇರಿಗೆ ಹಿಂದಿರುಗಿಸುತ್ತದೆ. ದಿನವೂ ಇದರ ಮೇಲೆಯೇ ಓಡಾಡುವ ನಮಗೆ ಬೇರೆ ವಿಷಯ ಹುಡುಕುವ ಅಗತ್ಯವೇನಿತ್ತು? ಆ ವರ್ಷ ನಮ್ಮ ಚಿತ್ರ ಸಂಘದ ಸಾಕ್ಷ್ಯಚಿತ್ರ ವೃಷಭಾವತಿಯ ಮೇಲೆಯೇ ಎಂದು ತೀರ್ಮಾನಿಸಿದೆವು. ನಾನು ಆಗ ಸಂಘದ ಸಂಚಾಲಕನಾಗಿದ್ದೆ.

ವಿದ್ಯಾರ್ಥಿಗಳ ಚಿತ್ರ ಸಂಘ ಎಂದರೆ ಏನಿರುತ್ತದೆ ಎಂದು ಹೊರಗಿನವರಿಗೆ ಹೇಳಬೇಕು. ಒಂದು ಕಬ್ಬಿಣದ ಬೀರು, ಅದರೊಳಗೆ ಹಿಂದಿನ ತಂಡದವರು ದುಡ್ಡು ಕೂಡಿಸಿ ಕೊಂಡ ಕ್ಯಾಮೆರಾ, ಅದರ ಜೊತೆ ಬಂದ ಲೆನ್ಸ್, ಇನ್ನೊಂದು 50 ಎಂಎಂ ಲೆನ್ಸ್, ಟ್ರೈಪಾಡ್, ಒಂದು ಎಲ್ಇಡಿ ದೀಪ, ಸಣ್ಣದೊಂದು ಧ್ವನಿಮುದ್ರಕ, ಕೋಲಿನ ತುದಿಗೆ ಸಿಕ್ಕಿಸಿ ಮಾತನಾಡುವವರ ಹತ್ತಿರ ಚಾಚುವ ಒಂದು ಬೂಮ್ ಮೈಕ್. ಬೂಮ್ ಹಿಡಿಯುವ ಕೋಲು ಅಂಗಡಿಯದಲ್ಲ. ಗೋಡೆಗೆ ಬಣ್ಣ ಬಳಿಯುವವರು ರೋಲರ್ ಸಿಕ್ಕಿಸುವ, ಬೇಕಾದಷ್ಟು ಉದ್ದ ಮಾಡಬಹುದಾದ ಅಲ್ಯೂಮಿನಿಯಂ ಕೋಲು. ಕೇಬಲ್‌ಗಳು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯವು. ಸದಸ್ಯತ್ವದ ಶುಲ್ಕ ಎಲ್ಲಿಗೂ ಸಾಲದು. ಆದ್ದರಿಂದ ವಿಭಾಗಗಳ ವಿಚಾರ ಸಂಕಿರಣ, ಸಾಂಸ್ಕೃತಿಕ ಹಬ್ಬಗಳನ್ನು ಚಿತ್ರೀಕರಿಸಿಕೊಟ್ಟು ಅಷ್ಟಿಷ್ಟು ಹಣ ಸೇರಿಸುತ್ತಿದ್ದೆವು. ಹಾರ, ಶಾಲು, ಹಣ್ಣಿನ ಬುಟ್ಟಿ, ಮತ್ತೆ ಹಾರ. ಆ ಕೆಲಸವನ್ನು ನಾನು ಎಂದೂ ಕೀಳಾಗಿ ಕಂಡಿಲ್ಲ. ಮರಳಿ ಸಿಗದ ಗಳಿಗೆಗೆ ಮೊದಲೇ ಸಿದ್ಧವಾಗಿ ನಿಲ್ಲುವುದನ್ನು ನಾವು ಕಲಿತದ್ದು ಆ ವೇದಿಕೆಗಳ ಕೆಳಗೆ.

ಸಂಘ ನಡೆಸುವುದರಲ್ಲಿ ನಿಜವಾಗಿ ಕಷ್ಟವಾದದ್ದು ಹಣವಲ್ಲ, ಯಾರು ಎಲ್ಲಿ ನಿಲ್ಲಬೇಕು ಎಂಬುದು. ಬರುವವರೆಲ್ಲರಿಗೂ ನಿರ್ದೇಶನ ಬೇಕು, ಇಲ್ಲವೇ ಕ್ಯಾಮೆರಾ ಬೇಕು. ಇದರಲ್ಲಿ ಅವರ ತಪ್ಪಿಲ್ಲ. ವಿ.ಕೆ. ಮೂರ್ತಿ ಅವರು ಇದೇ ಬೆಂಗಳೂರಿನಲ್ಲಿ ಛಾಯಾಗ್ರಹಣ ಕಲಿತು ಫಾಲ್ಕೆ ಪ್ರಶಸ್ತಿಯವರೆಗೆ ಹೋದರೆಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಧ್ವನಿಗ್ರಾಹಕರಲ್ಲಿ ಒಬ್ಬರ ಹೆಸರು ಹೇಳಿ ಎಂದರೆ ಕೋಣೆ ಸುಮ್ಮನಾಗುತ್ತದೆ. ನಮ್ಮ ಹೆಚ್ಚಿನ ಕಥಾಚಿತ್ರಗಳಲ್ಲಿ ಮಾತನ್ನು ಆಮೇಲೆ ಡಬ್ಬಿಂಗ್ ಕೋಣೆಯಲ್ಲಿ ಸೇರಿಸುವುದೇ ವಾಡಿಕೆಯಾಗಿ ಬಂದದ್ದರಿಂದ, ಚಿತ್ರೀಕರಣದ ಜಾಗದಲ್ಲಿ ಕಿವಿಗೊಟ್ಟು ನಿಲ್ಲುವವನಿಗೆ ಸಿಗಬೇಕಾದ ಗೌರವ ಸಿಕ್ಕಿಲ್ಲ. ಆದರೆ ಸಾಕ್ಷ್ಯಚಿತ್ರದಲ್ಲಿ ಡಬ್ಬಿಂಗ್ ಮಾಡುವವರು ಯಾರು? ಒಂದು ಜೀವ ತನ್ನ ಬಾಳನ್ನು ಒಮ್ಮೆ ಹೇಳುತ್ತದೆ. ಅದನ್ನು ಸರಿಯಾಗಿ ಕೇಳಿಸಿಕೊಂಡಿರೋ ಇಲ್ಲವೋ, ಅಷ್ಟೇ. ಹಾಗಾಗಿ ನಾನು ಬಂದ ಮೇಲೆ ಒಂದು ನಿಯಮ ಮಾಡಿದೆ: ಹೆಡ್‌ಫೋನ್ ಹಾಕಿಕೊಂಡವರು ಕೈ ಎತ್ತಿದರೆ ನಿರ್ದೇಶಕನೂ ಶಾಟ್ ನಿಲ್ಲಿಸಬೇಕು.

ಧ್ವನಿಗೆ ತಾನಾಗಿ ಮುಂದೆ ಬಂದವಳು ಚಿಕ್ಕನಾಯಕನಹಳ್ಳಿ ಕಡೆಯ ಒಬ್ಬ ಹುಡುಗಿ, ಭೌತಶಾಸ್ತ್ರದ ವಿದ್ಯಾರ್ಥಿನಿ. ಮಾತು ಕಡಿಮೆ. ನಿರ್ದೇಶನ ಹಾವೇರಿಯ ಹುಡುಗನದು. ಊರಿನ ಹೊಳೆಯನ್ನು ನೆನೆದು ಇಲ್ಲಿನ ಹೊಳೆಯ ಬಗ್ಗೆ ಕುದಿಯುತ್ತಿದ್ದವನು. ಅವನು ವಾರಗಟ್ಟಲೆ ತಿರುಗಿ ನಾಯಂಡಹಳ್ಳಿಯ ಹತ್ತಿರ ಒಬ್ಬ ಅಜ್ಜಿಯನ್ನು ಪತ್ತೆ ಮಾಡಿದ್ದ. ಹೊಳೆಯ ದಂಡೆಯಲ್ಲಿ ಸೊಪ್ಪು ಬೆಳೆದು ಸಂತೆಗೆ ಒಯ್ಯುತ್ತಿದ್ದವರು. ಈಗ ಮಗನ ಮನೆಯಲ್ಲಿದ್ದಾರೆ. ಮನೆಯ ಮಗ್ಗುಲಿಗೇ ಮೆಟ್ರೊ ಹಳಿ, 2021ರ ಆಗಸ್ಟಿನಲ್ಲಿ ಕೆಂಗೇರಿಯವರೆಗೆ ತೆರೆದ ಮಾರ್ಗ.

ಫೆಬ್ರುವರಿಯ ಒಂದು ಭಾನುವಾರ ಹೋದೆವು. ಮೊದಲು ಒಪ್ಪಿಗೆ ಪತ್ರ. ನಾವು ಅದನ್ನು ಕನ್ನಡದಲ್ಲಿ ಬರೆದು, ಸಹಿ ಕೇಳುವ ಮುನ್ನ ಗಟ್ಟಿಯಾಗಿ ಓದಿ ಹೇಳುತ್ತೇವೆ. ಅಜ್ಜಿ ಪೂರ್ತಿ ಕೇಳಿ, "ಇದನ್ನು ಎಲ್ಲಿ ತೋರಿಸುತ್ತೀರಿ?" ಎಂದರು. ಎಲ್ಲಿ ತೋರಿಸಿದರೂ ಮೊದಲು ನಿಮಗೇ ತೋರಿಸುತ್ತೇವೆ ಎಂದೆ. ಆ ಮಾತು ಪತ್ರದಲ್ಲಿ ಇಲ್ಲವಲ್ಲ ಎಂದು ಮೊಮ್ಮಗ ತೋರಿಸಿಕೊಟ್ಟ. ಅಲ್ಲೇ ಪೆನ್ನಿನಿಂದ ಸೇರಿಸಿದೆವು. ಈಗ ಸಂಘದ ಎಲ್ಲ ಒಪ್ಪಿಗೆ ಪತ್ರಗಳಲ್ಲೂ ಆ ಸಾಲು ಅಚ್ಚಾಗಿದೆ.

ನಡುಮನೆ ಚಿಕ್ಕದು. ಒಳಗೆ ನಾಲ್ವರಿಗಷ್ಟೇ ಜಾಗ. ಉಳಿದವರು ಬೀದಿಯ ಮಕ್ಕಳನ್ನು ಮಾತಿಗೆಳೆದುಕೊಂಡು, ಪಕ್ಕದ ಮನೆಯವರಲ್ಲಿ ಮಿಕ್ಸಿಯನ್ನು ಸ್ವಲ್ಪ ತಡವಾಗಿ ಹಾಕುವಂತೆ ಬೇಡಿಕೊಂಡು ಹೊರಗೆ ನಿಂತರು. ಇವರ ಹೆಸರು ಚಿತ್ರದ ಕೊನೆಯಲ್ಲಿ ಸಣ್ಣಗೆ ಬಂದು ಹೋಗುತ್ತದೆ. ಇವರಿಲ್ಲದೆ ಒಂದು ವಾಕ್ಯವೂ ಧ್ವನಿಮುದ್ರಣವಾಗುವುದಿಲ್ಲ. ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಉರಿಯುತ್ತಿತ್ತು. ನಮ್ಮ ದೇಶದ ವಿದ್ಯುತ್ 50 ಹರ್ಟ್ಸ್‌ನದು, ಅಂದರೆ ಅಂಥ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕಣ್ಣಿಗೆ ಕಾಣದು, ಕ್ಯಾಮೆರಾಕ್ಕೆ ಕಾಣುತ್ತದೆ. ಸೆಕೆಂಡಿಗೆ 30 ಫ್ರೇಮ್, ಶಟರ್, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬಿಡುವ ಕಾಲ, ಸೆಕೆಂಡಿನ 60ರಲ್ಲಿ ಒಂದು ಭಾಗ ಎಂದು ಇಟ್ಟುಕೊಂಡರೆ ಚಿತ್ರದ ಮೇಲೆ ಮಂಕು ಪಟ್ಟಿಗಳು ಹರಿಯುತ್ತವೆ. 25 ಫ್ರೇಮ್, ಶಟರ್ 50ರಲ್ಲಿ ಒಂದು ಎಂದಿಟ್ಟರೆ ಪ್ರತಿ ಫ್ರೇಮಿಗೂ ಎರಡು ಪೂರ್ತಿ ಮಿಣುಕು ಸಿಕ್ಕಿ ಬೆಳಕು ಸಮನಾಗುತ್ತದೆ. ಎರಡನೆಯ ವರ್ಷದ ಹುಡುಗ ಇದನ್ನು ಯಾರೂ ಹೇಳದೆಯೇ ಮಾಡಿಟ್ಟಿದ್ದ. ಅವನ ಬೆನ್ನು ತಟ್ಟಿದೆ.

ಧ್ವನಿಯ ಹುಡುಗಿ ಮೂಲೆಯ ಫ್ರಿಜ್ ಕಡೆಗೆ ನೋಡಿದಳು. ಅದರ ಗುಂಯ್ ಎನ್ನುವ ಸದ್ದು ಮಾತಿನಡಿ ಸೇರಿಕೊಂಡರೆ ಬಿಡಿಸುವುದು ಕಷ್ಟ. ಅಜ್ಜಿಯನ್ನು ಕೇಳಿ ಸ್ವಿಚ್ ಆರಿಸಿ, ತನ್ನ ಸ್ಕೂಟರಿನ ಕೀಲಿಯನ್ನು ಫ್ರಿಜ್ಜಿನೊಳಗೆ ಇಟ್ಟಳು. ಹೊರಡುವಾಗ ಕೀಲಿ ಬೇಕೇ ಬೇಕು. ಕೀಲಿ ತೆಗೆಯುವಾಗ ಸ್ವಿಚ್ ನೆನಪಾಗುತ್ತದೆ, ಆ ಮನೆಯ ಹಾಲು ಕೆಡುವುದಿಲ್ಲ. ಧ್ವನಿಯವರ ಹಳೆಯ ಉಪಾಯ ಇದು. ಅಜ್ಜಿಗೆ ಬಹಳ ಹಿಡಿಸಿತು.

ಮಾತು ಶುರುವಾಯಿತು. "ಬೇಸಿಗೆಯಲ್ಲಿ ಹೊಳೆ ಬತ್ತುತ್ತಿತ್ತು. ಮರಳಿನಲ್ಲಿ ಒರತೆ ತೋಡುತ್ತಿದ್ದೆವು. ಮೊದಲು ಕೆಂಪು ನೀರು ಬರುತ್ತದೆ, ಅದನ್ನು ಮೊಗೆದು ಚೆಲ್ಲಬೇಕು. ಆಮೇಲೆ..." ಎನ್ನುವಷ್ಟರಲ್ಲಿ ಹೊರಗೆ ಮೆಟ್ರೊ ಬಂತು. ಅಜ್ಜಿ ನಿಲ್ಲಿಸಿದರು. ನಾವು ಯಾರೂ ಹೇಳಿರಲಿಲ್ಲ. ನಿರ್ದೇಶಕ ಬಾಯಿ ತೆರೆಯುವಷ್ಟರಲ್ಲಿ "ರೈಲು ಹೋಗಲಿ, ತಾಳು ಮಗು" ಎಂದರು. ರೈಲು ದಾಟಿತು. "ಆಮೇಲೆ ತಿಳಿನೀರು" ಎಂದು, ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲೇ ಹಿಡಿದರು.

ಆ ಮನೆಯಲ್ಲಿ ಎಲ್ಲರ ಮಾತೂ ಹಾಗೆಯೇ. ಸೊಸೆ ಕಾಫಿ ತಂದು ಸಕ್ಕರೆ ಕೇಳುವಾಗಲೂ ವಾಕ್ಯದ ನಡುವೆ ನಿಂತು, ರೈಲನ್ನು ಕಳಿಸಿ, ಪೂರ್ತಿ ಮಾಡಿದರು. ಐದಾರು ನಿಮಿಷಕ್ಕೊಂದು ರೈಲು ಆ ಕಡೆಯಿಂದಲೋ ಈ ಕಡೆಯಿಂದಲೋ ಬರುತ್ತಲೇ ಇರುತ್ತದೆ. ನಿರ್ದೇಶಕನಿಗೆ ಈ ವಿರಾಮಗಳು ಕಿರಿಕಿರಿ. ಧ್ವನಿಯ ಹುಡುಗಿ ಮಾತ್ರ ಪ್ರತಿ ವಿರಾಮವನ್ನೂ ತನ್ನ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದಳು.

ಸಂಜೆ ಸಮೀಪಿಸಿತ್ತು. ಹೊಳೆಗೆ ಹೋಗುವುದನ್ನು ಯಾವಾಗ ಬಿಟ್ಟಿರಿ ಎಂದು ಹುಡುಗ ಕೇಳಿದ. ಅಜ್ಜಿ ಹೇಳಿದರು: "ದೊಡ್ಡ ಮಗ ಹುಟ್ಟಿದಾಗ ಗಂಗೆ ಪೂಜೆ ಹೊಳೆಯಲ್ಲೇ ಮಾಡಿದ್ದು. ಅರಿಶಿನ, ಕುಂಕುಮ ಇಟ್ಟು, ಬಿಂದಿಗೆ ತುಂಬಿ ತಂದೆ. ಕೊನೆಯ ಮಗಳು ಹುಟ್ಟಿದಾಗ ನಮ್ಮತ್ತೆ, ಆ ನೀರು ಬೇಡ, ಅದನ್ನು ಮುಟ್ಟಿ ಮಗುವನ್ನು ಮುಟ್ಟುವುದು ಹೇಗೆ ಎಂದುಬಿಟ್ಟರು. ಬೀದಿಯ ನಲ್ಲಿಗೆ ಪೂಜೆ ಮಾಡಿದೆ." ಮಾತಿನ ನಡುವೆ ರೈಲು ಬಂತು. ಈ ಸಲ ಅಜ್ಜಿ ನಿಲ್ಲಿಸಲಿಲ್ಲ. "ನಲ್ಲಿಗೆ ಅರಿಶಿನ ಹಚ್ಚುವಾಗ ನನಗೆ ತುಂಬಾ ಅಳು ಬಂತು. ಯಾರಿಗೂ ಹೇಳಿಲ್ಲ" ಎಂದರು, ರೈಲಿನ ಸದ್ದಿನ ಒಳಗೇ.

ನಾನು ಹುಡುಗಿಯ ಕೈಯನ್ನೇ ನೋಡುತ್ತಿದ್ದೆ. ನಿಯಮದ ಪ್ರಕಾರ ಅವಳು ಕೈ ಎತ್ತಬೇಕು. ಎತ್ತಲಿಲ್ಲ. ಕೋಲನ್ನು ಫ್ರೇಮಿನ ಅಂಚಿಗೆ ತಾಗುವಷ್ಟು ಇಳಿಸಿ, ಮೈಕನ್ನು ಅಜ್ಜಿಯ ಎದೆಯ ಕಡೆಗೆ ತಿರುಗಿಸಿ, ಉಸಿರು ಬಿಗಿಹಿಡಿದು ನಿಂತಳು. ಅಜ್ಜಿ ಮುಗಿಸಿ ಸೆರಗಿನಿಂದ ಮುಖ ಒರೆಸಿಕೊಂಡ ಮೇಲೆ, "ಇನ್ನೊಮ್ಮೆ ಹೇಳಿ" ಎಂದು ಕೇಳುವುದು ನಮ್ಮಲ್ಲಿ ಯಾರಿಗೂ ಸಾಧ್ಯವಿರಲಿಲ್ಲ, ಕೇಳಲೂಬಾರದು. ಸಂಘ ನಡೆಸಿದ ಕಾಲದಲ್ಲಿ ನಾನು ಕಂಡ ಅತ್ಯುತ್ತಮ ಕೆಲಸ ಆ ಕೈ ಎತ್ತದೆ ಉಳಿದದ್ದು. ಕೈ ಎತ್ತುವ ಅಧಿಕಾರ ಅವಳದೇ ಆಗಿದ್ದರಿಂದ, ಎತ್ತಬಾರದೆಂಬ ನಿರ್ಧಾರವೂ ಅವಳದೇ ಆಯಿತು.

ಅಲ್ಲಿಂದ ಜಗಳ. ನಿರ್ದೇಶಕನಿಗೆ ಸಂಜೆಯ ಬಿಸಿಲಿನಲ್ಲಿ ಹೊಳೆಯ ನೊರೆ ಬೇಕು, ಬೆಳಕು ಇರುವುದೇ ಅರ್ಧ ಗಂಟೆ. ಧ್ವನಿಯ ಹುಡುಗಿಗೆ ಅದೇ ಅರ್ಧ ಗಂಟೆ ಇಲ್ಲೇ ಬೇಕು. ಅಜ್ಜಿ ಕುಳಿತ ಕೋಣೆಯ ಮೌನ ಒಂದೆರಡು ನಿಮಿಷ, ಯಾರೂ ಮಾತನಾಡದೆ. ಮಾತಿಲ್ಲದೆ ಬರೀ ರೈಲು, ದೂರದಿಂದ ಬಂದು ಪೂರ್ತಿ ದಾಟುವವರೆಗೆ, ಎರಡು ದಿಕ್ಕಿನದೂ. ಆಮೇಲೆ ಸೇತುವೆಯ ಕೆಳಗಿನ ನೀರು. ಎಲ್ಲವೂ ಅದೇ ಮೈಕಿನಲ್ಲಿ. ಕೋಣೆಗೆ ಕೋಣೆಗೆ ಮೌನ ಬೇರೆ ಬೇರೆ. ಗೋಡೆ, ಚಾವಣಿ, ಕಿಟಕಿಯಾಚೆಯ ರಸ್ತೆ ಎಲ್ಲ ಅದರಲ್ಲಿ ಬೆರೆತಿರುತ್ತವೆ. ಮಾತನ್ನು ಕತ್ತರಿಸಿ ಜೋಡಿಸಿದಲ್ಲಿ ಆ ಮೌನವನ್ನು ಹಾಸದಿದ್ದರೆ ಕಿವಿಗೆ ತೂತು ಬಿದ್ದಂತೆ ತಿಳಿಯುತ್ತದೆ. ರೈಲಿನದು ಇನ್ನೂ ಕಷ್ಟ: ವಾಕ್ಯ ಮುಗಿಯಿತೆಂದು ಅಲ್ಲಿಗೆ ಕತ್ತರಿಸಿದರೆ ಓಡುವ ರೈಲು ಥಟ್ಟನೆ ಮಾಯವಾಗುತ್ತದೆ. ಬೇರೆಯಾಗಿ ಮುದ್ರಿಸಿದ ರೈಲಿದ್ದರೆ ಮಾತಿಗೆ ಮೊದಲೇ ಅದನ್ನು ಎಬ್ಬಿಸಿ, ಮುಗಿದ ಮೇಲೂ ಓಡಲು ಬಿಟ್ಟು, ನಿಧಾನವಾಗಿ ಕರಗಿಸಬಹುದು.

ಇಬ್ಬರೂ ನನ್ನ ಮುಖ ನೋಡಿದರು. ನೊರೆ ನಾಳೆಯೂ ಇರುತ್ತದೆ, ಅದು ಈ ಊರಿನ ದುರಂತ. ಈ ಸಂಜೆಯ ಕೋಣೆ ನಾಳೆ ಇರುವುದಿಲ್ಲ ಎಂದು ಹೇಳಿ, ಸಮಯವನ್ನು ಧ್ವನಿಗೆ ಕೊಟ್ಟೆ. ನಿರ್ದೇಶಕ ಮುನಿಸಿಕೊಂಡು ಮೆಟ್ಟಿಲಿನ ಮೇಲೆ ಕುಳಿತ. ಬರೀ ಮೌನವನ್ನು ಮುದ್ರಿಸಲು ಇಷ್ಟು ಜನ ಉಸಿರು ಕಟ್ಟಿ ನಿಲ್ಲುವುದನ್ನು ಅಜ್ಜಿ ಬೆರಗಿನಿಂದ ನೋಡುತ್ತಾ ತಾವೂ ನಮ್ಮೊಡನೆ ಸುಮ್ಮನೆ ಕುಳಿತರು. ಹೊರಡುವಾಗ ಫ್ರಿಜ್ಜಿನಿಂದ ಕೀಲಿ ತೆಗೆದು ಸ್ವಿಚ್ ಹಾಕಿದ್ದೂ ಆಯಿತು.

ರಾತ್ರಿಯ ಕೆಲಸ ಹೇಳದೆ ಬಿಡಲಾರೆ. ನಾವು ಬಳಸುವ ಗುಣಮಟ್ಟದಲ್ಲಿ ಗಂಟೆಗೆ ಸುಮಾರು 45 ಜಿಬಿ ಚಿತ್ರ ಕಾರ್ಡಿನಲ್ಲಿ ತುಂಬುತ್ತದೆ. ಎರಡು ಹಾರ್ಡ್‌ಡಿಸ್ಕ್‌ಗಳಿಗೆ ನಕಲು ಮಾಡಿ, ಎರಡನ್ನೂ ತೆರೆದು ನೋಡಿ, ಬೇರೆ ಬೇರೆ ಹಾಸ್ಟೆಲ್ ಕೋಣೆಗಳಲ್ಲಿ ಇಡುವ ತನಕ ಕಾರ್ಡನ್ನು ಅಳಿಸುವಂತಿಲ್ಲ. ಮೊದಲ ವರ್ಷದ ಇಬ್ಬರು ನಡುರಾತ್ರಿಯವರೆಗೆ ಕುಳಿತು ಇದನ್ನು ಮಾಡಿದರು.

ಸಂಕಲನದಲ್ಲಿ ಇನ್ನೊಂದು ವಾದ. ಅಜ್ಜಿ ರೈಲಿಗಾಗಿ ಕಾಯುವ ತುಣುಕುಗಳನ್ನು ಕಿತ್ತುಹಾಕಿದರೆ ಚಿತ್ರ ಬಿಗಿಯಾಗುತ್ತದೆ ಎಂದು ಒಬ್ಬರು, ಹಾಗೆಯೇ ಇರಲಿ ಎಂದು ಒಬ್ಬರು. ಆಶ್ಚರ್ಯವೆಂದರೆ ಉಳಿಸಬೇಕೆಂದು ಹಟ ಹಿಡಿದವನು ಹಾವೇರಿಯ ಹುಡುಗನೇ. ಹುಡುಗಿಯ ಚೀಟಿಯನ್ನು ಹಿಡಿದು ಕುಳಿತು, ವಿರಾಮಗಳನ್ನು ಒಂದೊಂದಾಗಿ ಕೇಳಿ, ಮೊದಲ ಕೆಲವನ್ನು ಇದ್ದಷ್ಟೇ ಉದ್ದ ಇಟ್ಟ. ಅಜ್ಜಿ ಕಾಯುತ್ತಾರೆ, ಕಾಯುತ್ತಾರೆ ಎಂದು ನೋಡುವವರಿಗೆ ರೂಢಿಯಾದ ಮೇಲೆ, ಗಂಗೆ ಪೂಜೆಯ ಮಾತಿನಲ್ಲಿ ಅವರು ಕಾಯದೆ ಹೋಗುವುದು ತಾನಾಗಿ ತಟ್ಟುತ್ತದೆ. ಹಿನ್ನೆಲೆ ಸಂಗೀತ ಬೇಡವೆಂದೂ ಅವನೇ ಹೇಳಿದ. ಅಲ್ಲಿ ನಾವು ಮುದ್ರಿಸಿದ ರೈಲು ಇದೆ, ಅದರಡಿ ಒಂದು ದನಿ ಇದೆ. ಅಷ್ಟು ಸಾಕಾಯಿತು.

ಮಾತಿನಂತೆ ಮೊದಲು ತೋರಿಸಿದ್ದು ಅಜ್ಜಿಗೆ, ಅವರ ಮನೆಯಲ್ಲೇ, ಲ್ಯಾಪ್‌ಟಾಪಿನಲ್ಲಿ. ಆ ಅಳುವಿನ ಮಾತು ಇರಲೇ, ತೆಗೆಯಲೇ ಎಂದು ಕೇಳಿದೆ. "ಇರಲಿ. ಸೊಸೆಗೂ ಗೊತ್ತಾಗಲಿ" ಎಂದರು. ಚಿತ್ರದ ನಡುವೆ ನಿಜವಾದ ರೈಲು ಬಂದಾಗ ಮೊಮ್ಮಗ ತಾನಾಗಿ ಚಿತ್ರವನ್ನು ನಿಲ್ಲಿಸಿ, ಅದು ದಾಟಿದ ಮೇಲೆ ಮತ್ತೆ ಓಡಿಸಿದ.

ನಾನು ಸಂಚಾಲಕತ್ವ ಬಿಟ್ಟುಕೊಡುವ ಸಭೆಯಲ್ಲಿ ಹೊಸಬರು ಕೈಯಲ್ಲಿದ್ದ ಹಣಕ್ಕೆ ಡ್ರೋನ್ ಕೊಳ್ಳೋಣವೆಂದರು. ಹೊಳೆಯನ್ನು ಮೇಲಿನಿಂದ ತೋರಿಸಬಹುದು ಎಂಬ ಅವರ ಆಸೆ ನ್ಯಾಯವಾದದ್ದೇ. ಮುಂದಿನ ವರ್ಷ ಅದನ್ನೂ ನೋಡೋಣ, ಈ ವರ್ಷ ಇನ್ನೊಂದು ಒಳ್ಳೆಯ ಹೆಡ್‌ಫೋನ್, ಸರಿಯಾದ ಬೂಮ್ ಕೋಲು, ಮೈಕಿಗೆ ಗಾಳಿ ತಡೆಯುವ ತುಪ್ಪಳದ ಹೊದಿಕೆ ಎಂದು ನಾನು ಹೇಳಿದೆ. ಎರಡು ಹೆಡ್‌ಫೋನ್ ಇದ್ದರೆ ನಿರ್ದೇಶಕನೂ ಕೇಳಬಹುದು ಎಂದು ಧ್ವನಿಯ ಹುಡುಗಿ ಸೇರಿಸಿದಳು. ಕೈ ಎತ್ತಿಸಿ ಎಣಿಸಿದಾಗ ಹೆಡ್‌ಫೋನ್‌ಗೆ ಸ್ವಲ್ಪವೇ ಹೆಚ್ಚು ಮತ ಬಂತು. ಶನಿವಾರ ಎಸ್.ಪಿ. ರಸ್ತೆಗೆ ಯಾರು ಯಾರು ಹೋಗಬೇಕೆಂದು ಹೆಸರು ಬರೆದುಕೊಂಡು, ಬೀರುವಿನ ಕೀಲಿಯನ್ನು ಅವಳಿಗೆ ಕೊಟ್ಟೆ.